ಸೆಕೆಂಡಿನ ಚೂರಿಗೆ ಹೋದ ಕೆಲಸ

1796ರ ಜನವರಿಯ ಹೊತ್ತಿಗೆ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ನೆವಿಲ್ ಮ್ಯಾಸ್ಕಲಿನ್‌ಗೆ ಸಹಾಯಕ ಡೇವಿಡ್ ಕಿನ್ನೆಬ್ರೂಕನ ಮೇಲೆ ತಾಳ್ಮೆ ತಪ್ಪಿತ್ತು. ಕಿವಿಯಲ್ಲಿ ಗಡಿಯಾರದ ಟಿಕ್ ಟಿಕ್ ಎಣಿಸುತ್ತ, ದೂರದರ್ಶಕದೊಳಗಿನ ತಂತಿಯನ್ನು ನಕ್ಷತ್ರ ದಾಟಿದ ಗಳಿಗೆಯನ್ನು ಸೆಕೆಂಡಿನ ಹತ್ತನೇ ಒಂದರಷ್ಟು ಕರಾರುವಾಕ್ಕಾಗಿ ಬರೆಯುವುದು ಅವರ ಕೆಲಸ. ಹಿಂದಿನ ಆಗಸ್ಟಿನಲ್ಲಿ ಕಿನ್ನೆಬ್ರೂಕ್ ಮ್ಯಾಸ್ಕಲಿನ್‌ಗಿಂತ ಅರ್ಧ ಸೆಕೆಂಡ್ ತಡವಾಗಿ ಬರೆಯುತ್ತಿದ್ದ. ಈಗ ಅದು 0.8ಕ್ಕೆ ಏರಿತ್ತು. ಸಮಭಾಜಕ ವೃತ್ತದ ಮೇಲೆ ಅಷ್ಟು ಹೊತ್ತಿನಲ್ಲಿ ಭೂಮಿ ಸುಮಾರು 370 ಮೀಟರ್ ಸರಿದಿರುತ್ತದೆ. ಕೆಲಸ ಹೋಯಿತು.

ಮುಖ್ಯಸ್ಥನ ಕಣ್ಣು ಕಿವಿಯೇ ಸರಿಯೆಂದು ತೀರ್ಮಾನಿಸಿದವರು ಯಾರು? ಮುಖ್ಯಸ್ಥನೇ.

ಈ ಪ್ರಕರಣವನ್ನು ಓದಿ ತಲೆಕೆಡಿಸಿಕೊಂಡವನು ಕೊನಿಗ್ಸ್‌ಬರ್ಗಿನ ಖಗೋಳಜ್ಞ ಫ್ರೀಡ್ರಿಷ್ ಬೆಸೆಲ್. 1820ರಲ್ಲಿ ವಾಲ್‌ಬೆಕ್ ಎಂಬ ಸಹೋದ್ಯೋಗಿಯ ಜೊತೆ ಕೂತು ಒಂದೇ ನಕ್ಷತ್ರಗಳನ್ನು ನೋಡಿದಾಗ, ಇಬ್ಬರ ನಡುವೆ ಒಂದು ಸೆಕೆಂಡಿಗೂ ಮಿಕ್ಕಿದ ಅಂತರ! ಇಬ್ಬರೂ ಪಳಗಿದವರು, ಯಾರನ್ನು ಮನೆಗೆ ಕಳಿಸುವುದು? ಸ್ಟ್ರೂವೆ ಎಂಬ ಇನ್ನೊಬ್ಬ ಖಗೋಳಜ್ಞನಿಗೂ ಬೆಸೆಲನಿಗೂ ಇದ್ದ ಅಂತರವಂತೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು. ಒಮ್ಮೆ ಅಳೆದು ಕೈತೊಳೆದುಕೊಳ್ಳುವ ಸಂಗತಿ ಇದಾಗಿರಲಿಲ್ಲ.

ಹಾಗಾದರೆ ಒಬ್ಬನನ್ನು ಅವನ ಜೊತೆಗೇ ಹೋಲಿಸಿದರೆ? 1860ರ ದಶಕದಲ್ಲಿ ಯುಟ್ರೆಕ್ಟಿನ ಕಣ್ಣಿನ ವೈದ್ಯ ಫ್ರಾನ್ಸಿಸ್ಕಸ್ ಡಾಂಡರ್ಸ್ ಮಾಡಿದ್ದು ಅದನ್ನೇ. ಕಾಲಿಗೆ ಸಣ್ಣ ವಿದ್ಯುತ್ ಆಘಾತ ತಗುಲಿದೊಡನೆ ಅದೇ ಬದಿಯ ಕೈಯಿಂದ ಸೂಚನೆ ಕೊಡಬೇಕು. ಯಾವ ಕಾಲೆಂದು ಮೊದಲೇ ತಿಳಿದಿದ್ದಾಗ ಒಂದು ಸಮಯ, ತಿಳಿಯದಿದ್ದಾಗ ಇನ್ನೊಂದು. ವ್ಯತ್ಯಾಸ ಸೆಕೆಂಡಿನ ಹದಿನೈದನೇ ಒಂದು ಭಾಗ. ಎಡವೋ ಬಲವೋ ಎಂದು ತೀರ್ಮಾನಿಸಲು ಮನಸ್ಸು ತೆಗೆದುಕೊಂಡ ಹೊತ್ತು ಅದು ಎಂದ ಡಾಂಡರ್ಸ್. ಕೈಯ ಚುರುಕು, ನರದ ವೇಗ ಎರಡೂ ಕಡೆ ಇರುವುದರಿಂದ ಕಳೆಯುವಾಗ ಹೊಡೆದುಹೋಗುತ್ತವೆ. ಶಾಲೆಯ ವ್ಯವಕಲನದಿಂದ ಮನಸ್ಸಿಗೆ ಗಡಿಯಾರ ಕಟ್ಟಿದ್ದು ಆ ಶತಮಾನದ ಸೊಗಸಾದ ಉಪಾಯಗಳಲ್ಲೊಂದು.

ತಕರಾರು ಬರದೆ ಇರಲಿಲ್ಲ. ಆಯ್ಕೆ ಸೇರಿದರೆ ಇಡೀ ಕೆಲಸದ ಸ್ವರೂಪವೇ ಬದಲಾಗುತ್ತದೆ, ಬರೀ ಕಳೆದರೆ ಸಾಲದು ಎಂದು ಜರ್ಮನಿಯ ಓಸ್ವಾಲ್ಡ್ ಕ್ಯುಲ್ಪೆ ವಾದಿಸಿದ. ಅಳತೆಯಲ್ಲೂ ತೊಡಕುಗಳಿದ್ದವು. ಅದೇ ಕೆಲಸ ಮತ್ತೆ ಮತ್ತೆ ಮಾಡಿದವನು ಪಳಗಿ ಚುರುಕಾಗುತ್ತಾನೆ, ಬಳಿಕ ದಣಿಯುತ್ತಾನೆ. ಹಾಗಾಗಿ ಅರ್ಧ ಜನಕ್ಕೆ ಸುಲಭದ್ದು ಮೊದಲು, ಉಳಿದವರಿಗೆ ಕಷ್ಟದ್ದು ಮೊದಲು ಕೊಡುವ ರೂಢಿ ಬಂತು. ಒಂದೆರಡು ಬಾರಿ ಗಮನ ತಪ್ಪಿದರೂ ಸರಾಸರಿ ಎತ್ತರಕ್ಕೆ ಜಿಗಿಯುತ್ತದೆ, ಆದ್ದರಿಂದ ನಡುಮೌಲ್ಯವನ್ನು ನೋಡುವವರೂ ಇದ್ದಾರೆ. ಪ್ರತಿಯೊಬ್ಬನ ಸ್ವಂತ ವ್ಯತ್ಯಾಸವನ್ನೇ ಆಧಾರವಾಗಿ ಇಟ್ಟುಕೊಳ್ಳುವ ಗಣಿತಕ್ಕೆ ದಾರಿ ತೋರಿದವನು ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್. 1908ರ ಲೇಖನದಲ್ಲಿ ಆತ ತೆಗೆದುಕೊಂಡ ಉದಾಹರಣೆ, ಎರಡು ನಿದ್ದೆಮದ್ದುಗಳನ್ನು ಬೇರೆಬೇರೆ ಸಲ ಪಡೆದ ಹತ್ತು ರೋಗಿಗಳದು.

1966ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನ ಸಾಲ್ ಸ್ಟರ್ನ್‌ಬರ್ಗ್ ಕಳೆಯುವುದನ್ನು ಬಿಟ್ಟು ಕೂಡಿಸತೊಡಗಿದ. ಒಂದರಿಂದ ಆರು ಅಂಕಿಗಳನ್ನು ತೋರಿಸಿ, ಆಮೇಲೆ ಕಂಡ ಅಂಕಿ ಅವುಗಳಲ್ಲಿ ಇತ್ತೇ ಎಂದು ಸನ್ನೆಕೋಲು ಎಳೆದು ಉತ್ತರಿಸಲು ಹೇಳಿದ. ನೆನಪಿಟ್ಟ ಪ್ರತಿ ಹೆಚ್ಚುವರಿ ಅಂಕಿಗೆ ಉತ್ತರ ಸುಮಾರು 38 ಮಿಲಿಸೆಕೆಂಡ್ ತಡವಾಯಿತು.