ಎರಡು ಬಾರಿ ಒಡೆದ ಕಾರ್ಮಿಕ ಸಂಘ

ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಮಾತನ್ನು ನಾವೆಲ್ಲ ಶಾಲೆಯಲ್ಲಿಯೇ ಕಲಿತಿದ್ದೇವೆ. ಆದರೆ ಒಗ್ಗಟ್ಟು ಒಡೆಯುವುದೇಕೆ ಎಂದು ವಿಚಾರ ಮಾಡುವವರು ಕಡಿಮೆ. ವಿದ್ಯಾರ್ಥಿ ಮಿತ್ರರೇ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತ್ಯದ ಕಲ್ಲಿದ್ದಲು ಗಣಿ ಕಾರ್ಮಿಕರ ಇತಿಹಾಸವನ್ನು ಈ ದೃಷ್ಟಿಯಿಂದ ಗಮನಿಸಿರಿ.

1926ರಲ್ಲಿ ಗಣಿ ಮಾಲಿಕರು ಕೂಲಿ ಇಳಿಸಲು, ದುಡಿಮೆಯ ಅವಧಿ ಹೆಚ್ಚಿಸಲು ಹೊರಟರು. ಕಾರ್ಮಿಕರು ಒಪ್ಪದಿದ್ದಾಗ ಗಣಿಗಳ ಬಾಗಿಲು ಮುಚ್ಚಿದರು. ಅವರ ಬೆಂಬಲಕ್ಕೆ ನಡೆದ ಸಾರ್ವತ್ರಿಕ ಮುಷ್ಕರ ಒಂಬತ್ತೇ ದಿನಗಳಲ್ಲಿ ಮುಗಿಯಿತು. ಗಣಿ ಕಾರ್ಮಿಕರು ಮಾತ್ರ ಹಸಿವಿನಲ್ಲಿಯೇ ಆರು ತಿಂಗಳು ಹೋರಾಡಿದರು. ನವೆಂಬರಿನಲ್ಲಿ ಅವರ ನಾಯಕರಲ್ಲೊಬ್ಬರಾದ ಸಂಸತ್ ಸದಸ್ಯ ಜಾರ್ಜ್ ಸ್ಪೆನ್ಸರ್ ಮಾಲಿಕರೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಬೇರೆ ಸಂಘ ಕಟ್ಟಿದರು. ಹಾರ್ವರ್ಥ್ ಗಣಿಯ ಕಹಿ ಹೋರಾಟದ ಬಳಿಕ, 1937ರಲ್ಲಷ್ಟೇ ಎರಡೂ ಸಂಘಗಳು ಒಂದಾದವು.

1947ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡವು. 1984ರ ಮಾರ್ಚ್‌ನಲ್ಲಿ ಸುಮಾರು 20 ಗಣಿಗಳನ್ನು ಮುಚ್ಚುವ ಯೋಜನೆ ಹೊರಬಿತ್ತು. ಸುಮಾರು 20,000 ಕೆಲಸಗಳು ಹೋಗುವಂತಿದ್ದವು. ಆರ್ಥರ್ ಸ್ಕಾರ್ಗಿಲ್ ನೇತೃತ್ವದ ರಾಷ್ಟ್ರೀಯ ಸಂಘ ಹೋರಾಟಕ್ಕಿಳಿಯಿತು. ಆದರೆ ಅದು ಸದಸ್ಯರೆಲ್ಲರ ರಾಷ್ಟ್ರಮಟ್ಟದ ಮತದಾನ ನಡೆಸಲಿಲ್ಲ. ನಾಟಿಂಗ್‌ಹ್ಯಾಮ್‌ಶೈರ್‌ನ ಸದಸ್ಯರು ತಮ್ಮ ಮತದಾನದಲ್ಲಿ ಮುಷ್ಕರವನ್ನು ಭಾರಿ ಬಹುಮತದಿಂದ ತಿರಸ್ಕರಿಸಿದರು. ಅವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋದರು, ಕೆಲವರು ಮುಷ್ಕರದಲ್ಲಿ ನಿಂತರು. ಒಂದೇ ಮನೆಯ ಅಣ್ಣತಮ್ಮಂದಿರ ನಡುವೆಯೂ ಮಾತು ನಿಂತಿತು. 1985ರ ಮಾರ್ಚ್‌ನಲ್ಲಿ ಮುಷ್ಕರ ಸೋಲಿನಲ್ಲಿ ಮುಗಿಯಿತು. ಅದೇ ವರ್ಷ ‘ಯೂನಿಯನ್ ಆಫ್ ಡೆಮಾಕ್ರಟಿಕ್ ಮೈನ್‌ವರ್ಕರ್ಸ್’ ಎಂಬ ಪ್ರತ್ಯೇಕ ಸಂಘ ಹುಟ್ಟಿತು.

ತಮ್ಮ ಗಣಿಗಳು ಲಾಭದಲ್ಲಿವೆ, ಅವು ಉಳಿಯುತ್ತವೆ ಎಂದು ಹೊಸ ಸಂಘದವರು ನಂಬಿದ್ದರು. ಆದರೆ 1992ರ ಅಕ್ಟೋಬರಿನಲ್ಲಿ ಸರಕಾರ 31 ಗಣಿಗಳನ್ನು ಮುಚ್ಚುವುದಾಗಿ ಘೋಷಿಸಿದಾಗ ನಾಟಿಂಗ್‌ಹ್ಯಾಮ್‌ಶೈರ್‌ನ ಗಣಿಗಳೂ ಆ ಪಟ್ಟಿಯಲ್ಲಿದ್ದವು. ಹೊಸ ಸಂಘದ ಅಧ್ಯಕ್ಷ ರಾಯ್ ಲಿಂಕ್ ಸಿಲ್ವರ್‌ಹಿಲ್ ಗಣಿಯೊಳಗೆ ಇಳಿದು ಧರಣಿ ಕುಳಿತರು. ಪ್ರಯೋಜನವಾಗಲಿಲ್ಲ. ಆ ಪ್ರಾಂತ್ಯದ ಕೊನೆಯ ಗಣಿ ಥೋರ್ಸ್‌ಬಿ 2015ರಲ್ಲಿ ಮುಚ್ಚಿತು.

ಇಲ್ಲಿ ತಪ್ಪು ಯಾರದು? ಒಡೆದು ಹೋದವರದು ಮಾತ್ರವೆನ್ನುವುದು ಸುಲಭ. ಆದರೆ ಸದಸ್ಯರನ್ನು ಕೇಳದೆ ತೀರ್ಮಾನಿಸಿದ ನಾಯಕತ್ವವೂ ಬಿರುಕಿಗೆ ದಾರಿ ಮಾಡಿಕೊಟ್ಟಿತು. ಭಿನ್ನಾಭಿಪ್ರಾಯವನ್ನು ಸಂಘದ ಒಳಗೇ ಹೇಳಲು ಅವಕಾಶವಿರಬೇಕು; ಹೇಳಿದ ಮೇಲೆ ಜೊತೆಗಿರುವ ಮನಸ್ಸೂ ಇರಬೇಕು. ನಾಳೆ ಸಂಘ ಸಂಸ್ಥೆಗಳ ಹೊಣೆ ಹೊರಲಿರುವ ನೀವು ಇವೆರಡನ್ನೂ ನೆನಪಿನಲ್ಲಿಡಿ.