ಸಿಂಹವನ್ನಿರಿದ ದೊರೆ, ಸಿಂಹವೇ ಆದ ದೊರೆ

ಬೇಲೂರನ್ನು ಬಿಟ್ಟು ಮಲೆನಾಡಿನ ಕಡೆಗೆ ಹೊರಟವನಿಗೆ, ರಾಗಿಯ ಹೊಲಗಳು ಹಿಂದೆ ಸರಿದು, ಮರಗಳ ನೆರಳು ದಟ್ಟವಾಗಿ, ಮೆಣಸಿನ ಬಳ್ಳಿ ಕಾಣತೊಡಗುವ ಎಡೆಯಲ್ಲಿ ಅರೇಹಳ್ಳಿ ಸಿಗುತ್ತದೆ. ಹೂಮಳೆ ಬಿದ್ದ ಕೆಲವು ದಿನಗಳಲ್ಲಿಯೇ ಇಲ್ಲಿನ ಕಾಫಿಯ ತೋಟಗಳೆಲ್ಲ ಬೆಳ್ಳಗಾಗಿ, ಮಲ್ಲಿಗೆಯನ್ನು ನೆನಪಿಸುವ ಪರಿಮಳ ಊರನ್ನೇ ತುಂಬುವುದನ್ನು ಕಂಡವರಿಗೆ ಈ ಗಿಡ ನಮ್ಮದಲ್ಲವೆಂದರೆ ನಂಬುವುದು ಕಷ್ಟ. ಆದರೂ ಅದರ ತವರು ಇಥಿಯೋಪಿಯಾದ ಕಾಫಾ ಸೀಮೆಯ ಕಾಡು. ಅಲ್ಲಿಂದ ಅದು ಕೆಂಪು ಸಮುದ್ರವನ್ನು ದಾಟಿ ಯೆಮೆನ್ ದೇಶಕ್ಕೆ ಬಂದಿತು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತನು ಯಾತ್ರೆಯಿಂದ ಮರಳುವಾಗ ಏಳು ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟನೆಂದು ನಮ್ಮ ಜನ ಹೇಳುತ್ತ ಬಂದಿದ್ದಾರೆ. ಇದೇ ಗಿಡವು 1728ರಲ್ಲಿ ಅಟ್ಲಾಂಟಿಕ್ ಸಾಗರದ ಆಚೆಯ ಜಮೈಕಾ ದ್ವೀಪವನ್ನೂ ಸೇರಿತು. ಅಲ್ಲಿ ಅದನ್ನು ನೆಟ್ಟವರೂ ಕೊಯ್ದವರೂ ಆಫ್ರಿಕಾದ ತೀರದಿಂದ ಸಂಕೋಲೆಯಲ್ಲಿ ಒಯ್ಯಲ್ಪಟ್ಟ ಗುಲಾಮರು. ಅವರ ಮರಿಮಕ್ಕಳು ಮುಂದೊಂದು ಕಾಲಕ್ಕೆ ಅದೇ ಇಥಿಯೋಪಿಯಾದಿಂದ ಒಬ್ಬ ದೊರೆಯನ್ನು ಮನಸ್ಸಿನಲ್ಲಿಯೇ ಬರಮಾಡಿಕೊಂಡು, ಅವನನ್ನು ದೇವರೆಂದು ಪೂಜಿಸಿದರು. ರಾಸ್ತಫಾರಿ ಎಂಬ ಆ ಮತದ ಚರಿತ್ರೆಯನ್ನು ಹೊಯ್ಸಳರ ನೆಲದಲ್ಲಿ ನಿಂತು ಓದಿದಾಗ ನನಗೆ ತೋರಿದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಬೇಲೂರಿನಲ್ಲಿ, ಹಳೇಬೀಡಿನಲ್ಲಿ, ಎಲ್ಲಿ ನೋಡಿದರೂ ಒಬ್ಬ ವೀರನು ಮೃಗವೊಂದನ್ನು ಇರಿಯುತ್ತಿರುವ ಶಿಲ್ಪ ಕಣ್ಣಿಗೆ ಬೀಳುತ್ತದೆ. ಕಥೆ ಎಲ್ಲರಿಗೂ ತಿಳಿದದ್ದೇ. ನೆರೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಹಿಂದಿನ ಸೊಸೆವೂರಿನಲ್ಲಿ, ಜೈನಮುನಿ ಸುದತ್ತನು ‘ಪೊಯ್ ಸಳ’ ಎಂದು ಕೂಗಿದನಂತೆ. ಸಳನೆಂಬ ತರುಣನು ಹೊಯ್ದನಂತೆ. ವಂಶಕ್ಕೆ ಹೆಸರೂ ಲಾಂಛನವೂ ಒಂದೇ ಗಳಿಗೆಯಲ್ಲಿ ದೊರೆತುವಂತೆ. ಕಥೆಯಲ್ಲಿ ಹುಲಿಯಾಗಿದ್ದುದು ಕಲ್ಲಿನಲ್ಲಿ ಸಿಂಹವಾಗಿದೆ. ನಮ್ಮ ಅರಸುತನದ ಕಲ್ಪನೆ ಈ ಮೂರ್ತಿಯಲ್ಲಿ ಅಡಗಿದೆಯೆಂದು ನನ್ನ ಭಾವನೆ: ಕಾಡಿನಂಚಿನಲ್ಲಿ ಪ್ರಜೆಯ ಮೇಲೆ ಎರಗುವುದನ್ನು ತಡೆದು ನಿಲ್ಲುವವನು ಅರಸು. ಇಥಿಯೋಪಿಯಾದ ಅರಸರ ಲಾಂಛನದಲ್ಲಾದರೋ ಸಿಂಹವೇ ದೊರೆಯಾಗಿತ್ತು. ಕಿರೀಟವನ್ನು ಧರಿಸಿ, ಶಿಲುಬೆಯುಳ್ಳ ದಂಡವನ್ನು ಹಿಡಿದು ನಡೆಯುವ ಯೂದಾ ಕುಲದ ಸಿಂಹ. ಹದಿನಾಲ್ಕನೆಯ ಶತಮಾನದಲ್ಲಿ ಗೀಝ್ ಭಾಷೆಯಲ್ಲಿ ರೂಪುಗೊಂಡ ‘ಕೆಬ್ರ ನಗಸ್ತ್’, ಎಂದರೆ ‘ರಾಜರ ಮಹಿಮೆ’, ಎಂಬ ಗ್ರಂಥದ ಪ್ರಕಾರ, ಶೀಬಾದ ರಾಣಿಗೂ ಜೆರೂಸಲೇಮಿನ ಸೊಲೊಮನ್ ದೊರೆಗೂ ಹುಟ್ಟಿದ ಮೆನೆಲಿಕನೇ ಅಲ್ಲಿನ ರಾಜಕುಲದ ಮೂಲಪುರುಷ.

ಇಷ್ಟು ದೂರದ ಎರಡು ನಾಡುಗಳ ಪಂಚಾಂಗವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಬೆರಗಾಗುತ್ತದೆ. 1173ರಿಂದ 1220ರವರೆಗೆ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನು ದ್ವಾರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಆಳುತ್ತಿದ್ದ ಕಾಲದಲ್ಲಿಯೇ, ಇಥಿಯೋಪಿಯಾದ ಎತ್ತರದ ನಾಡಿನಲ್ಲಿ ಲಾಲಿಬೆಲನೆಂಬ ಅರಸನು, ಭೂಮಿಯನ್ನು ಕೆಳಮುಖವಾಗಿ ಕೊರೆದು, ಒಂದೇ ಬಂಡೆಯಿಂದ ಬಿಡಿಸಿದ ದೇವಾಲಯಗಳನ್ನು ಮಾಡಿಸುತ್ತಿದ್ದನೆಂದು ಅಲ್ಲಿಯ ಪರಂಪರೆ ಹೇಳುತ್ತದೆ. ಅವನನ್ನು ಅಲ್ಲಿನ ಕ್ರೈಸ್ತಸಭೆಯು ಇಂದಿಗೂ ಸಂತನೆಂದು ಗೌರವಿಸುತ್ತದೆ. ನಮ್ಮಲ್ಲಿ ಅರಸನು ಸಂತನಾಗಲಿಲ್ಲ, ಆದರೆ ಅವನ ಹೆಸರು ದೇವರನ್ನು ಸೇರಿತು. 1121ರ ಸುಮಾರಿನಲ್ಲಿ ವಿಷ್ಣುವರ್ಧನನ ಅಧಿಕಾರಿಯಾದ ಕೇತಮಲ್ಲನು ದ್ವಾರಸಮುದ್ರದಲ್ಲಿ ಶಿವನನ್ನು ಪ್ರತಿಷ್ಠಿಸಿದಾಗ ಆ ಶಿವನು ಹೊಯ್ಸಳೇಶ್ವರನಾದನು. ಹಳೇಬೀಡಿನಲ್ಲಿ ದೀಪ ಹಚ್ಚಿ ಕೈಮುಗಿಯುವ ಭಕ್ತನು ಅರಿತೋ ಅರಿಯದೆಯೋ ಒಬ್ಬ ದೊರೆಯ ಹೆಸರನ್ನೂ ಉಚ್ಚರಿಸುತ್ತಾನೆ. ಇಂಥ ನಾಡಿನವರಾದ ನಾವು, ಜಮೈಕಾದ ಬಡವರು ದೊರೆಯೊಬ್ಬನನ್ನು ದೇವರೆಂದರು ಎಂದು ಕೇಳಿ ನಗುವುದು ತರವಲ್ಲ.

ಅವರ ಸ್ಥಿತಿಯನ್ನು ನೆನೆಯಬೇಕು. 1838ರಲ್ಲಿ ದಾಸ್ಯದಿಂದ ಪೂರ್ಣ ಬಿಡುಗಡೆಯೇನೋ ದೊರೆಯಿತು. ಆದರೆ ಒಳ್ಳೆಯ ನೆಲವೆಲ್ಲ ಮೊದಲಿನ ಒಡೆಯರಲ್ಲಿಯೇ ಉಳಿಯಿತು, ಪೂಜಿಸಬೇಕಾದ ದೇವರ ಚಿತ್ರವೂ ಆ ಒಡೆಯರ ಮೈಬಣ್ಣದ್ದೇ ಆಗಿತ್ತು. ಅವರ ಕೈಯಲ್ಲಿದ್ದುದು ಬೈಬಲ್ ಒಂದೇ. ಅದರ ಕೀರ್ತನೆಗಳಲ್ಲಿ ಇಥಿಯೋಪಿಯಾ ದೇವರೆಡೆಗೆ ಕೈಚಾಚುವುದೆಂಬ ಮಾತಿರುವುದನ್ನು ಅವರು ಎದೆಗೆ ಅಪ್ಪಿಕೊಂಡರು. 1896ರಲ್ಲಿ ಅಡ್ವಾ ಎಂಬಲ್ಲಿ ಇಮ್ಮಡಿ ಮೆನೆಲಿಕನ ಸೇನೆಯು ಇಟಲಿಯ ದಂಡನ್ನು ಮುರಿದ ವಾರ್ತೆ ಹಬ್ಬಿದ ಮೇಲೆ, ಕಪ್ಪು ಜನರ ಸ್ವತಂತ್ರ ರಾಜ್ಯವೊಂದು ಭೂಮಿಯ ಮೇಲೆ ನಿಜವಾಗಿಯೂ ಇದೆಯೆಂಬುದು ಅವರಿಗೆ ದೃಢವಾಯಿತು. ಜಮೈಕಾದವನೇ ಆದ ಮಾರ್ಕಸ್ ಗಾರ್ವೆ, ಆಫ್ರಿಕಾದ ಕಡೆ ಮುಖಮಾಡಿರೆಂದು ತನ್ನವರಿಗೆ ಸಾರಿದನು. 1930ರ ನವೆಂಬರ್ 2ರಂದು ಅಡಿಸ್ ಅಬಾಬಾದಲ್ಲಿ ರಾಸ್ ತಫಾರಿ ಎಂಬ ರಾಜಪುತ್ರನು ಹೈಲೆ ಸೆಲಾಸಿ, ಅಂದರೆ ತ್ರಯೈಕ್ಯದ ಶಕ್ತಿ, ಎಂಬ ಹೆಸರಿನಿಂದ ಪಟ್ಟಾಭಿಷಿಕ್ತನಾಗಿ, ರಾಜಾಧಿರಾಜ, ಯೂದಾ ಕುಲದ ಜಯಶಾಲಿ ಸಿಂಹ ಎಂಬ ಬಿರುದುಗಳನ್ನು ಧರಿಸಿದಾಗ, ಆ ದ್ವೀಪದ ಕೆಲವರು ಬೈಬಲ್ಲಿನ ಕೊನೆಯ ಪುಸ್ತಕವನ್ನು ತೆರೆದು, ಬರಬೇಕಾದವನು ಬಂದನೆಂದು ನಿಶ್ಚಯಿಸಿದರು. ಗಾರ್ವೆಯಾದರೋ ಮುಂದೆ ಈ ಚಕ್ರವರ್ತಿಯನ್ನು ಕಟುವಾಗಿಯೇ ಟೀಕಿಸಿದನು. ಆದರೂ ಭಕ್ತರು ಗಾರ್ವೆಯನ್ನು ಪ್ರವಾದಿಯ ಸ್ಥಾನದಿಂದ ಇಳಿಸಲಿಲ್ಲ.

ಅವರಲ್ಲಿ ಮುಖ್ಯನಾದವನು ಲೆನರ್ಡ್ ಹೋವೆಲ್. 1933ರಿಂದ ಅವನು ಊರೂರಿನಲ್ಲಿ ನಿಂತು, ನಮ್ಮ ದೊರೆ ಇಂಗ್ಲೆಂಡಿನಲ್ಲಿಲ್ಲ, ಇಥಿಯೋಪಿಯಾದಲ್ಲಿದ್ದಾನೆ ಎಂದು ಬೋಧಿಸಿದನು, ಚಕ್ರವರ್ತಿಯ ಭಾವಚಿತ್ರಗಳನ್ನು ಮಾರಿದನು, ರಾಜದ್ರೋಹದ ಆಪಾದನೆಯ ಮೇಲೆ ಸೆರೆಮನೆಯನ್ನೂ ಕಂಡನು. ಇವನು ಗ್ರಂಥಕರ್ತನಾಗಿ ಇಟ್ಟುಕೊಂಡ ಹೆಸರು ಗಾಂಗುಂಗುರು ಮರಾಗ್. ಅದರಲ್ಲಿ ಗುರು, ಮಹಾರಾಜ ಎಂಬ ನಮ್ಮ ಶಬ್ದಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಇದರ ಕಾರಣವೂ ಸ್ಪಷ್ಟವಾಗಿದೆ. 1845ರಿಂದ 1917ರವರೆಗೆ ಭಾರತದಿಂದ ಮೂವತ್ತು ಸಾವಿರಕ್ಕೂ ಮಿಕ್ಕ ಕೂಲಿಗಳು ಕರಾರಿನ ಮೇಲೆ ಜಮೈಕಾದ ತೋಟಗಳಿಗೆ ಹೋದರು. ಬಿಡುಗಡೆ ಹೊಂದಿದ ಆಫ್ರಿಕನ್ನರ ಬದಿಯಲ್ಲಿಯೇ ಅವರು ದುಡಿದರು, ಅವರ ಬದಿಯಲ್ಲಿಯೇ ಬಾಳಿದರು. ರಾಸ್ತಫಾರಿಗಳು ಪವಿತ್ರವೆಂದು ಸೇದುವ ಸೊಪ್ಪಿಗೆ ಇಂದಿಗೂ ಗಾಂಜಾ ಎಂಬ ಭಾರತದ ಹೆಸರೇ ಇದೆ. ಅವರ ಜಡೆಗಟ್ಟಿದ ಕೂದಲಿಗೆ ಬೈಬಲ್ಲಿನ ನಜರೇಯ ವ್ರತವೇ ಪ್ರಮಾಣವೆಂದು ಅವರು ಹೇಳುತ್ತಾರೆ, ಆ ಮಾತನ್ನು ನಾವು ಒಪ್ಪಬೇಕು. ನಮ್ಮ ಸಾಧುಗಳ ಜಟೆಯ ನೆರಳೂ ಅಲ್ಲಿ ಬಿದ್ದಿರಬಹುದೆಂದು ಕೆಲವರು ಊಹಿಸಿದ್ದಾರೆ, ಆ ಊಹೆಯನ್ನು ನಾನು ತಳ್ಳಿಹಾಕಲಾರೆ. ಎರಡು ಖಂಡಗಳ ನಿರ್ಗತಿಕರು ಒಂದೇ ಕಬ್ಬಿನ ಗದ್ದೆಯಲ್ಲಿ ಕಲೆತಾಗ ತಮ್ಮ ದೇವರುಗಳನ್ನೂ ಹಂಚಿಕೊಂಡರೆಂಬುದು ನನಗೆ ಅತ್ಯಂತ ಪ್ರಿಯವಾದ ವಿಚಾರ.

ಇಥಿಯೋಪಿಯಾದ ಮಕ್ಕಳು ನಮ್ಮ ನಾಡಿಗೂ ಬಂದಿದ್ದರು. ಹಬಶಿಗಳೆಂದು ನಮ್ಮ ಇತಿಹಾಸ ಕರೆಯುವ ಅವರು ಗುಲಾಮರಾಗಿ ಬಂದು, ಖಡ್ಗದ ಬಲದಿಂದಲೂ ಬುದ್ಧಿಯ ಬಲದಿಂದಲೂ ಮೇಲೇರಿದರು. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನು ಬಾಲಕನಾಗಿದ್ದಾಗ ಬಿಜಾಪುರವನ್ನು ನಡೆಸಿದವನು ದಿಲಾವರ್ ಖಾನ್. ಮುಹಮ್ಮದ್ ಆದಿಲ್‌ಶಾಹನ ಕಾಲದ ಚಿತ್ರಗಳಲ್ಲಿ ಸುಲ್ತಾನನ ಬದಿಯಲ್ಲಿ ಕಪ್ಪು ಮುಖದ ಗಂಭೀರ ಪುರುಷನಾಗಿ ಕಾಣುವವನು ಮಂತ್ರಿ ಇಖ್ಲಾಸ್ ಖಾನ್. ಕೊನೆಯ ಸುಲ್ತಾನನಾದ ಸಿಕಂದರನ ಬಾಲ್ಯದಲ್ಲಿ ರಾಜ್ಯದ ಭಾರವನ್ನು ಹೊತ್ತವನು ಸಿದ್ದಿ ಮಸೂದ್. ರಾಜ್ಯವನ್ನಾಳುವ ಸಾಮರ್ಥ್ಯವೆಲ್ಲ ಇದ್ದೂ ಬಿಜಾಪುರದ ಸಿಂಹಾಸನದಲ್ಲಿ ಇವರು ಕೂರಲಿಲ್ಲ. ಅದರ ಪಕ್ಕದಲ್ಲಿ ನಿಂತೇ ಆಳಿದರು. ಇನ್ನು ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಿನಲ್ಲಿ ನೆಲೆಸಿದ, ಆಫ್ರಿಕಾ ಮೂಲದವರೇ ಆದ ಸಿದ್ದಿಗಳಿಗೆ ಅಧಿಕಾರದ ನೆರಳೂ ದೊರೆಯಲಿಲ್ಲ. ಅವರು ದಮಾಮಿ ಎಂಬ ಡೋಲಿನ ಬಡಿತವನ್ನು ಉಳಿಸಿಕೊಂಡರು, ಮನೆಯ ಹಿರಿಯರ ಪೂಜೆಯನ್ನು ಉಳಿಸಿಕೊಂಡರು. ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತ, ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಆಗಿ ಅವರು ಈ ನೆಲದವರೇ ಆದರು. ಪರಿಶಿಷ್ಟ ಪಂಗಡವೆಂಬ ಮನ್ನಣೆ ಅವರಿಗೆ ದೊರೆಯಲು 2003ನೆಯ ಇಸವಿ ಬರಬೇಕಾಯಿತು. ಜಮೈಕಾದವರಂತೆ ಇವರೇಕೆ ದೂರದ ದೊರೆಯೊಬ್ಬನನ್ನು ಕನಸಲಿಲ್ಲ ಎಂದು ಬಹುಕಾಲ ಯೋಚಿಸಿದ್ದೇನೆ. ಇಲ್ಲಿನ ಕಾಡು, ಬಡತನದ ನಡುವೆಯೂ, ಇವರಿಗೆ ಮನೆಯಾಯಿತು. ಅಲ್ಲಿನ ತೋಟ ಅವರಿಗೆ ಎಂದೂ ಮನೆಯಾಗಲಿಲ್ಲವೆಂದು ನನಗೆ ತೋರುತ್ತದೆ.

1966ರ ಏಪ್ರಿಲ್ 21ರಂದು ಹೈಲೆ ಸೆಲಾಸಿಯ ವಿಮಾನವು ಕಿಂಗ್‌ಸ್ಟನ್ನಿನಲ್ಲಿ ಇಳಿದಾಗ, ಅಲ್ಲಿ ನೆರೆದಿದ್ದ ಸಹಸ್ರಾರು ಭಕ್ತರು ಕಾವಲನ್ನು ಮೀರಿ ವಿಮಾನದ ಸುತ್ತಲೂ ಮುತ್ತಿದರು. ಚಕ್ರವರ್ತಿಯು ಕೆಳಗಿಳಿಯುವುದಕ್ಕೆ ಅವರಲ್ಲಿಯೇ ಒಬ್ಬ ಹಿರಿಯನಾದ ಮಾರ್ಟಿಮರ್ ಪ್ಲಾನೊ ಮೆಟ್ಟಿಲೇರಿ ಹೋಗಿ ದಾರಿ ಬಿಡಿಸಬೇಕಾಯಿತು. ಎಂಟು ವರ್ಷಗಳ ತರುವಾಯ, 1974ರ ಸೆಪ್ಟೆಂಬರಿನಲ್ಲಿ, ಅವನ ಸೈನಿಕರೇ ಅವನನ್ನು ಪಟ್ಟದಿಂದಿಳಿಸಿದರು; ಮರುವರ್ಷ ಆಗಸ್ಟಿನಲ್ಲಿ ಸೆರೆಯಲ್ಲಿಯೇ ಅವನ ಪ್ರಾಣ ಹೋಯಿತು. ಭಕ್ತರಲ್ಲಿ ಅನೇಕರು ಆ ವಾರ್ತೆಯನ್ನು ನಂಬಲಿಲ್ಲ.

ಈ ಘಟ್ಟಕ್ಕೆ ಬಂದಾಗಲೆಲ್ಲ ನನ್ನ ಮನಸ್ಸು ಹಳೇಬೀಡಿನ ಗರುಡಗಂಬದ ಬಳಿಗೆ ಹೋಗುತ್ತದೆ. ಹೊಯ್ಸಳರ ಗರುಡರು ದೊರೆಯನ್ನು ಉಳಿದು ಬಾಳೆವೆಂದು ವ್ರತ ತೊಟ್ಟವರು. 1220ರಲ್ಲಿ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ, ಕುವರನೆಂದು ಕರೆಯಿಸಿಕೊಂಡ ಲಕ್ಷ್ಮ ದಂಡನಾಯಕನು, ಅವನ ಸತಿ ಸುಗ್ಗಲದೇವಿ, ಅವನೊಡನಿದ್ದ ವೀರರು, ಎಲ್ಲರೂ ಪ್ರಾಣವನ್ನರ್ಪಿಸಿದ ಸಂಗತಿಯನ್ನು ಆ ಕಂಬದ ಶಾಸನ ಹೇಳುತ್ತದೆ. ತಮ್ಮ ಕೊರಳಿಗೆ ತಾವೇ ಆಯುಧವನ್ನು ಹಿಡಿದ ವೀರರ ಉಬ್ಬುಶಿಲ್ಪ ಅಲ್ಲಿದೆ. ಅವರು ಅರಸನ ಮುಖವನ್ನು ಪ್ರತಿದಿನವೂ ಕಂಡವರು, ಆದುದರಿಂದ ಅವನ ಸಾವನ್ನೂ ನಂಬಿದರು.

ಜಮೈಕಾದವರ ನಿಷ್ಠೆ ಬೇರೊಂದು ದಾರಿಯನ್ನು ಹಿಡಿಯಿತು. ಚಕ್ರವರ್ತಿಯು 1948ರಲ್ಲಿ ಅಡಿಸ್ ಅಬಾಬಾದ ದಕ್ಷಿಣಕ್ಕಿರುವ ಶಾಶಮನೆ ಎಂಬಲ್ಲಿ, ಪರದೇಶಗಳಲ್ಲಿದ್ದ ಕಪ್ಪು ಜನರಿಗಾಗಿ ಐನೂರು ಎಕರೆ ನೆಲವನ್ನು ಬಿಟ್ಟುಕೊಟ್ಟಿದ್ದನು. ಕೆಲವು ರಾಸ್ತಫಾರಿ ಕುಟುಂಬಗಳು ಸಾಗರವನ್ನು ದಾಟಿ ಅಲ್ಲಿ ನೆಲೆಸಿದವು. 1974ರ ಕ್ರಾಂತಿಯ ಅನಂತರ ಆ ನೆಲದ ಬಹುಭಾಗವನ್ನು ಹೊಸ ಸರ್ಕಾರ ವಶಪಡಿಸಿಕೊಂಡಿತು. ದೊರೆ ಇರಲಿಲ್ಲ, ಕೊಟ್ಟ ಮಾತಿಗೆ ಹೊಣೆಯಾಗುವವರೂ ಇರಲಿಲ್ಲ. ಕೆಲವರು ಹೊರಟುಹೋದರು. ಉಳಿದವರು ತಮಗೆ ಬಿಟ್ಟಷ್ಟು ಹಿತ್ತಿಲಿನಲ್ಲಿಯೇ ಬೇಸಾಯ ಮಾಡಿಕೊಂಡು, ನೆರೆಯವರ ಭಾಷೆಯನ್ನು ಕಲಿತು, ಪ್ರತಿ ನವೆಂಬರ್ 2ರಂದೂ ಡೋಲು ಬಾರಿಸಿ ಪಟ್ಟಾಭಿಷೇಕದ ಹಬ್ಬವನ್ನು ಆಚರಿಸುತ್ತ ಬಂದರು.