ರಾಷ್ಟ್ರಪತಿ ಪದವಿಗೆ ಎಂಥವರು ಬೇಕು?

ತಿರುಮಕೂಡಲು ನರಸೀಪುರದಲ್ಲಿ ಕಾವೇರಿ, ಕಪಿಲೆಯರ ಜೊತೆಗೆ ಮೂರನೆಯದೂ ಒಂದು ಬಂದು ಸೇರುತ್ತದೆಂದು ಹಿರಿಯರು ಹೇಳುತ್ತಾರೆ. ಸ್ಫಟಿಕ ಸರೋವರವೆಂದು ಅದರ ಹೆಸರು. ಅದು ಗುಪ್ತಗಾಮಿನಿ, ಕಣ್ಣಿಗೆ ಬೀಳುವುದಿಲ್ಲ. ಇಲ್ಲಿಯ ಮತದಾರ ಹಾಕುವ ಮತದ ಕಥೆಯೂ ಸ್ವಲ್ಪ ಹೀಗೆಯೇ. ವಿಧಾನಸಭೆಗೊಂದು, ಲೋಕಸಭೆಗೊಂದು ಮತ ಹಾಕಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವುದು ಎಲ್ಲರಿಗೂ ಗೊತ್ತು. ಅದೇ ಮತ ಒಳಗೊಳಗೇ ಹರಿದು ದೆಹಲಿಯ ರಾಷ್ಟ್ರಪತಿ ಭವನವನ್ನು ಮುಟ್ಟುತ್ತದೆಂಬುದು ಬಹುಮಂದಿಯ ನೆನಪಿನಲ್ಲಿರುವುದಿಲ್ಲ.

ಲೆಕ್ಕ ಹೀಗಿದೆ. 1971ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆ 2,92,99,014. ಅದನ್ನು 224 ಶಾಸಕರಿಗೆ ಹಂಚಿ, ಬಂದುದನ್ನು ಸಾವಿರದಿಂದ ಭಾಗಿಸಿದರೆ 131 ಸಿಗುತ್ತದೆ. ರಾಷ್ಟ್ರಪತಿ ಚುನಾವಣೆಯಲ್ಲಿ ತಿ. ನರಸೀಪುರದ ಶಾಸಕರ ಒಂದು ಮತದ ಮೌಲ್ಯ ಅದು. ನಂಜನಗೂಡಿನವರದೂ ಅಷ್ಟೇ. ಮೈಸೂರು ಜಿಲ್ಲೆಯ ಹನ್ನೊಂದು ಶಾಸಕರದು ಒಟ್ಟು 1,441. ಉತ್ತರ ಪ್ರದೇಶದ ಒಬ್ಬ ಶಾಸಕರ ಮತಕ್ಕೆ 208, ಸಿಕ್ಕಿಂನವರದಕ್ಕೆ ಬರೀ 7. ಮತದಾನ ಗುಪ್ತವಾದುದು, ಪಕ್ಷದ ವಿಪ್ ಇಲ್ಲಿ ನಡೆಯುವುದಿಲ್ಲ. ಕಾಗದದ ಮೇಲಂತೂ ಪ್ರತಿಯೊಬ್ಬ ಶಾಸಕರೂ ಸ್ವತಂತ್ರರು.

ಹಾಗಾದರೆ ಅವರು ಏನನ್ನು ನೋಡಿ ಮತ ಹಾಕಬೇಕು? ಉಮೇದುವಾರರ ರಾಜಕೀಯ ಅನುಭವವನ್ನೆ, ಪ್ರಾಮಾಣಿಕತೆಯನ್ನೆ? ಸಂವಿಧಾನವನ್ನು ಕೇಳಿದರೆ ಅದು ಎರಡರ ಮಾತನ್ನೂ ಎತ್ತುವುದಿಲ್ಲ. 58ನೆಯ ವಿಧಿಯ ಪ್ರಕಾರ ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆರಿಸಿಬರುವ ಅರ್ಹತೆ ಇರಬೇಕು, ಸರ್ಕಾರದ ಲಾಭದಾಯಕ ಹುದ್ದೆಯಲ್ಲಿ ಇರಬಾರದು. 1967ರಲ್ಲಿ ಹದಿನೇಳು ಮಂದಿ ಕಣದಲ್ಲಿದ್ದರು. ಒಂಬತ್ತು ಮಂದಿಗೆ ಒಂದು ಮತವೂ ಬೀಳಲಿಲ್ಲ. ಇಂಥದನ್ನು ತಡೆಯಲು 1974ರಲ್ಲಿ ಹತ್ತು ಸೂಚಕರು, ಹತ್ತು ಅನುಮೋದಕರು ಬೇಕೆಂದು ನಿಯಮವಾಯಿತು. 1997ರಲ್ಲಿ ಅದು ತಲಾ ಐವತ್ತಕ್ಕೇರಿತು, ಠೇವಣಿ 15,000 ರೂಪಾಯಿ ಆಯಿತು. ಶೋಧಿಸುವ ಜರಡಿ ಬಂತು ನಿಜ. ಆದರೆ ಅದು ಶೋಧಿಸುವುದು ಬೆಂಬಲಿಗರ ಸಂಖ್ಯೆಯನ್ನು, ವ್ಯಕ್ತಿಯ ಗುಣವನ್ನಲ್ಲ.

ಗುಣದ ಪ್ರಶ್ನೆ ನಿಜವಾಗಿ ಎದ್ದು ನಿಂತದ್ದು 1969ರಲ್ಲಿ. ಅದಕ್ಕೆ ವೇದಿಕೆಯಾದದ್ದು ನಮ್ಮ ಬೆಂಗಳೂರೇ. ಡಾ. ಜಾಕಿರ್ ಹುಸೇನರು ಮೇ 3ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅದರ ಅಧ್ಯಕ್ಷರು, ಹಿಂದಿನ ವರ್ಷದವರೆಗೂ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು. ಪಕ್ಷದ ಸಂಸದೀಯ ಮಂಡಳಿ ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅದು ಹಿಡಿಸಲಿಲ್ಲ; ಆದರೂ ನಾಮಪತ್ರಕ್ಕೆ ಸಹಿ ಹಾಕಿದರು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. 1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಗಿರಿ ಕನ್ನಡಿಗರಿಗೆ ಅಪರಿಚಿತರೇನಲ್ಲ. ಮೂರನೆಯವರು ಸ್ವತಂತ್ರ ಪಕ್ಷ ಮತ್ತು ಜನಸಂಘ ಬೆಂಬಲಿಸಿದ ಸಿ.ಡಿ. ದೇಶಮುಖ್. ರಿಸರ್ವ್ ಬ್ಯಾಂಕಿನ ಗವರ್ನರ್, ಕೇಂದ್ರ ಅರ್ಥಸಚಿವ ಎರಡೂ ಆಗಿದ್ದವರು.

ಈ ಮೂವರಲ್ಲಿ ಒಂದು ಸಮಾನ ಅಂಶವಿತ್ತು. ಯಾಕೋ ಅದನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ. ಮೂವರೂ ಒಮ್ಮೆ ಅಧಿಕಾರವನ್ನು ಬಿಟ್ಟು ಹೊರಬಂದವರು. ಬ್ಯಾಂಕ್ ನೌಕರರ ಪರವಾದ ತೀರ್ಪನ್ನು ಸರ್ಕಾರ ತಿದ್ದಿತೆಂದು ಗಿರಿ 1954ರಲ್ಲಿ ಕಾರ್ಮಿಕ ಸಚಿವ ಪದವಿ ಬಿಟ್ಟರು. ಮುಂಬಯಿಯ ಪ್ರಶ್ನೆಯ ಮೇಲೆ ದೇಶಮುಖ್ 1956ರಲ್ಲಿ ಅರ್ಥಖಾತೆ ಬಿಟ್ಟರು. ಬಸ್ ಮಾರ್ಗಗಳ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತಮ್ಮ ಬಗ್ಗೆ ಪ್ರತಿಕೂಲ ಮಾತಾಡಿದಾಗ ರೆಡ್ಡಿಯವರು 1964ರಲ್ಲಿ ಆಂಧ್ರದ ಮುಖ್ಯಮಂತ್ರಿ ಗಾದಿ ಬಿಟ್ಟರು. ಅನುಭವವೂ ಇದ್ದು, ಕುರ್ಚಿಯನ್ನು ಬಿಡಬಲ್ಲ ಮನಸ್ಸೂ ಇದ್ದ ಮೂವರು ಒಂದೇ ಚುನಾವಣೆಯಲ್ಲಿ ಎದುರಾದದ್ದು ಸಣ್ಣ ಸಂಗತಿಯಲ್ಲ.

ಆದರೆ ಚುನಾವಣೆ ನಡೆದದ್ದು ಅದರ ಮೇಲಲ್ಲ. ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಗಳಿಗಾಗಿ ಜನಸಂಘ, ಸ್ವತಂತ್ರ ಪಕ್ಷಗಳ ಮುಖಂಡರನ್ನು ಕಂಡರು. ಅದೇ ನೆಪವಾಗಿ ಇಂದಿರಾ ಬಣ ಆತ್ಮಸಾಕ್ಷಿಯ ಮತ ಕೇಳಿತು. ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ರೆಡ್ಡಿಯವರ ಚಾರಿತ್ರ್ಯವನ್ನು ಹಳಿಯುವ, ಯಾರ ಹೆಸರೂ ಇಲ್ಲದ ಕರಪತ್ರವೊಂದು ಹರಿದಾಡಿತು. ಆತ್ಮಸಾಕ್ಷಿಯ ಹೆಸರಿನ ಚುನಾವಣೆಯಲ್ಲೇ ಇಂಥ ಕರಪತ್ರ! ಆಗಸ್ಟ್ 20ರಂದು ಎಣಿಕೆಯಾದಾಗ ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೆಯ ಪ್ರಾಶಸ್ತ್ಯಗಳು ಸೇರಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಚುನಾವಣೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಗಿರಿಯವರು ರಾಷ್ಟ್ರಪತಿಯಾಗಿದ್ದುಕೊಂಡೇ ಸಾಕ್ಷಿ ನುಡಿದರು. ಕರಪತ್ರ ಹಂಚಿದ್ದು ಅವರ ಸಮ್ಮತಿಯಿಂದ ಎಂದು ಸಿದ್ಧವಾಗದೆ 1970ರಲ್ಲಿ ಅರ್ಜಿ ಬಿದ್ದುಹೋಯಿತು. ಅಷ್ಟರಲ್ಲಿ ಕಾಂಗ್ರೆಸ್ ಎರಡು ಹೋಳಾಗಿತ್ತು.

ಹಾಗೆಂದು ಪ್ರಾಮಾಣಿಕತೆಯೊಂದನ್ನೇ ಮುಂದಿಟ್ಟು ನಿಂತವರು ಇಲ್ಲವೆಂದಲ್ಲ. ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲು ಮುಚ್ಚಬಾರದೆಂದು 1976ರಲ್ಲಿ ಒಬ್ಬರೇ ಭಿನ್ನ ತೀರ್ಪು ಬರೆದು, ಮುಖ್ಯ ನ್ಯಾಯಮೂರ್ತಿ ಪದವಿಯನ್ನು ಕಳೆದುಕೊಂಡವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. 1982ರಲ್ಲಿ ಅವರಿಗೆ ಬಂದದ್ದು 2,82,685. ಗೆದ್ದ ಜೈಲ್ ಸಿಂಗರಿಗೆ 7,54,113. ಪ್ರಧಾನಿಯ ಮಾತು ಮೀರದವರೆಂದು ನಗೆಪಾಟಲಿಗೆ ಗುರಿಯಾಗಿದ್ದ ಜೈಲ್ ಸಿಂಗರು ಮುಂದೆ, ಜನರ ಕಾಗದಗಳನ್ನು ಒಡೆದು ನೋಡಲು ಸರ್ಕಾರಕ್ಕೆ ಅವಕಾಶ ಕೊಡುವ ಅಂಚೆ ಮಸೂದೆಗೆ ಅಂಕಿತ ಹಾಕದೆ ಇಟ್ಟುಕೊಂಡುಬಿಟ್ಟರು. ಅವರನ್ನು ಆರಿಸಿದವರಿಗೆ ಇದರ ಕನಸೂ ಬಿದ್ದಿರಲಾರದು.

ಇದನ್ನೆಲ್ಲ ನೋಡಿದಾಗ ಒಂದು ಮಾತು ಹೊಳೆಯುತ್ತದೆ. ಆರಿಸುವ ದಿನ ಅನುಭವ, ಪ್ರಾಮಾಣಿಕತೆಗಳು ಭಾಷಣದ ಮಾತುಗಳು. ಅವುಗಳ ಬೆಲೆ ತಿಳಿಯುವುದು ಮುಂದೊಂದು ದಿನ, ಅಂಕಿತಕ್ಕಾಗಿ ಕಾಗದವೊಂದು ಮೇಜಿನ ಮೇಲೆ ಬಂದಾಗ. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದರ ಮುಂದೆ ಬಂದದ್ದು ಅಂಥ ಕಾಗದ. ಸಚಿವ ಸಂಪುಟ ಇನ್ನೂ ಸೇರಿಯೇ ಇರಲಿಲ್ಲ. ದೀರ್ಘಕಾಲ ಮಂತ್ರಿಯಾಗಿದ್ದ ಅವರಿಗೆ ಆ ನಿಯಮ ತಿಳಿಯದ್ದಲ್ಲ, ಸಹಿ ಬಿತ್ತು.

ಕನ್ನಡಿಗರೊಬ್ಬರು ಆ ಕುರ್ಚಿಯಲ್ಲಿ ಕುಳಿತಿದ್ದಾಗಲೂ ಅಂಥ ಕಾಗದ ಬಂತು. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿಯವರ ರಾಜಕೀಯ ಅನುಭವಕ್ಕೆ ಸಾಟಿ ಕಡಿಮೆ. ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿ, ಮುಂಬಯಿ ರಾಜ್ಯದಲ್ಲಿ ಉಪಸಚಿವ, ನಮ್ಮ ಭೂಸುಧಾರಣೆಗೆ ತಳಹದಿ ಹಾಕಿದ ಸಮಿತಿಯ ಅಧ್ಯಕ್ಷ, 1958ರಿಂದ 62ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಆಮೇಲೆ ಪಾಂಡಿಚೇರಿ, ಒರಿಸ್ಸಾ. 1974ರಲ್ಲಿ ಉಪರಾಷ್ಟ್ರಪತಿಯಾದರು. ಆಗ ಯಾರೂ ಅವರನ್ನು ರಾಷ್ಟ್ರಪತಿಯ ಅಳತೆಯಲ್ಲಿ ತೂಗಿ ನೋಡಿರಲಿಲ್ಲ. ಉಪರಾಷ್ಟ್ರಪತಿಯನ್ನು ಆರಿಸುವಾಗ ಅದು ಸಾಮಾನ್ಯವಾಗಿ ನೆನಪಾಗುವುದೂ ಇಲ್ಲ. 1977ರ ಫೆಬ್ರವರಿ 11ರಂದು ಅಹ್ಮದರು ತೀರಿಕೊಂಡಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು.

ಮುಂದಿನ ತಿಂಗಳು ಜನತಾ ಪಕ್ಷ ಅಧಿಕಾರಕ್ಕೆ ಬಂತು. ಲೋಕಸಭೆಯಲ್ಲಿ ಕಾಂಗ್ರೆಸ್ ನೆಲಕಚ್ಚಿದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಗೃಹಸಚಿವ ಚರಣ್ ಸಿಂಗರು ಪಟ್ಟುಹಿಡಿದರು. ಆ ಶಾಸಕರೇ ಹೊಸ ರಾಷ್ಟ್ರಪತಿಯ ಚುನಾವಣೆಯಲ್ಲಿ ಮತದಾರರಾಗಲಿದ್ದವರು ಎಂಬುದನ್ನು ಮರೆಯುವಂತಿಲ್ಲ. ರಾಜ್ಯಗಳು ಹಾಕಿದ ದಾವೆಯನ್ನು ಸುಪ್ರೀಂ ಕೋರ್ಟು ಏಪ್ರಿಲ್ 29ರಂದು ತಳ್ಳಿಹಾಕಿತು. ಸಂಪುಟದ ಸಲಹೆ ಜತ್ತಿಯವರ ಮುಂದೆ ಬಂತು. ಅವರು ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಕೋಲಾಹಲವೆದ್ದಿತು. ಮರುದಿನ ಸಹಿ ಹಾಕಿದರು.

ಹಳೆಯ ಪಕ್ಷದ ಋಣ ತೀರಿಸಿದರೆಂದು ಅಂದು ಟೀಕಿಸಿದವರು ಬಹಳ. ಇರಲೂಬಹುದು. ಆದರೆ ನನಗೆ ಆ ಒಂದು ದಿನದ ತಡ ಅಷ್ಟು ಸುಲಭವಾಗಿ ತಳ್ಳಿಬಿಡುವಂಥದೆಂದು ಅನ್ನಿಸುವುದಿಲ್ಲ. ಒಂಬತ್ತು ರಾಜ್ಯಗಳ ಶಾಸನಸಭೆಗಳನ್ನು ಒಂದೇ ಏಟಿಗೆ ಅಳಿಸುವ ಕಾಗದಕ್ಕೆ ಒಂದು ರಾತ್ರಿ ಯೋಚಿಸುವುದು ಹೆಚ್ಚೇನಲ್ಲ. ಇಂದಿರಾ ಸರ್ಕಾರ ತಂದಿದ್ದ 42ನೆಯ ತಿದ್ದುಪಡಿಯ ಪ್ರಕಾರ ರಾಷ್ಟ್ರಪತಿ ಸಂಪುಟದ ಸಲಹೆಯಂತೆಯೇ ನಡೆಯಬೇಕಿತ್ತು. ‘ಇನ್ನೊಮ್ಮೆ ಯೋಚಿಸಿ’ ಎಂದು ಹೇಳುವ ಹಕ್ಕು ಕೂಡ ಅದರಲ್ಲಿ ಬರೆದಿರಲಿಲ್ಲ. ಜತ್ತಿಯವರು ಒಂದು ದಿನ ತೆಗೆದುಕೊಂಡದ್ದನ್ನು ಮುಂದೆ ಜನತಾ ಸರ್ಕಾರವೇ 1978ರ 44ನೆಯ ತಿದ್ದುಪಡಿಯಲ್ಲಿ ಹಕ್ಕಾಗಿ ಬರೆಯಿತು: ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು, ಎರಡನೆಯ ಸಲ ಬಂದರೆ ಸಹಿ ಹಾಕಲೇಬೇಕು. ಇನ್ನು ಆ ಜುಲೈನಲ್ಲಿ ಜತ್ತಿಯವರ ನಂತರ ರಾಷ್ಟ್ರಪತಿಯಾದವರು ಯಾರು? 1969ರಲ್ಲಿ ಸೋತ ಸಂಜೀವ ರೆಡ್ಡಿಯವರೇ, ಅದೂ ಅವಿರೋಧವಾಗಿ. ಸಲ್ಲಿಸಿದ್ದ 37 ಮಂದಿಯಲ್ಲಿ 36 ಮಂದಿಯ ನಾಮಪತ್ರ ತಿರಸ್ಕೃತವಾಗಿತ್ತು.

ಹಕ್ಕು ಬರೆದುಕೊಟ್ಟ ಮಾತ್ರಕ್ಕೆ ಅದನ್ನು ಬಳಸುತ್ತಾರೆಂದೇನೂ ಇಲ್ಲ. 1989ರ ಏಪ್ರಿಲ್ 21ರಂದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ವರದಿಯ ಮೇಲೆ ನಮ್ಮದೇ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿಯವರು ಹೇಳುತ್ತಲೇ ಇದ್ದರು. ರಾಷ್ಟ್ರಪತಿಯಾಗಿದ್ದವರು ಮದರಾಸಿನಲ್ಲೂ ದೆಹಲಿಯಲ್ಲೂ ಮಂತ್ರಿಯಾಗಿ ಪಳಗಿದ ಆರ್. ವೆಂಕಟರಾಮನ್. ಅನುಭವಕ್ಕೆ ಕೊರತೆಯಿಲ್ಲ, ಹಿಂದಿರುಗಿಸುವ ಹಕ್ಕೂ ಕೈಯಲ್ಲಿತ್ತು, ಅವರು ಹಿಂದಿರುಗಿಸಲಿಲ್ಲ. ಆ ವಜಾ ಸಂವಿಧಾನಬಾಹಿರವೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. ಅಷ್ಟು ಹೊತ್ತಿಗೆ ಇಲ್ಲಿ ಒಂದು ಚುನಾವಣೆಯೇ ಮುಗಿದಿತ್ತು.

ಆ ತೀರ್ಪು ಕೈಯಲ್ಲಿದ್ದ ಕೆ.ಆರ್. ನಾರಾಯಣನ್ 1997ರಲ್ಲಿ ಉತ್ತರ ಪ್ರದೇಶದ, 1998ರಲ್ಲಿ ಬಿಹಾರದ ಸಲಹೆಗಳನ್ನು ಹಿಂದಿರುಗಿಸಿದರು. ಒಂದು ಗುಜರಾಲ್ ಸರ್ಕಾರದ್ದು, ಇನ್ನೊಂದು ವಾಜಪೇಯಿ ಸರ್ಕಾರದ್ದು. ಪಕ್ಷ ನೋಡಿ ಮಾಡಿದ್ದಲ್ಲ.

ಅವರ ನಂತರ ಬಂದ ಎ.ಪಿ.ಜೆ. ಅಬ್ದುಲ್ ಕಲಾಂ ರಾಜಕೀಯದ ಗಂಧವೇ ಇಲ್ಲದ ವಿಜ್ಞಾನಿ. ಅವರ ಪ್ರಾಮಾಣಿಕತೆಯನ್ನು ಶತ್ರುವೂ ಪ್ರಶ್ನಿಸಲಾರ. 2005ರ ಮೇ ತಿಂಗಳಲ್ಲಿ ಮಾಸ್ಕೋ ಪ್ರವಾಸದಲ್ಲಿದ್ದಾಗ, ನಡುರಾತ್ರಿಯ ಹೊತ್ತು, ಬಿಹಾರದ ವಿಧಾನಸಭೆಯನ್ನು ವಿಸರ್ಜಿಸುವ ಕಾಗದ ಫ್ಯಾಕ್ಸ್‌ನಲ್ಲಿ ಬಂತು. ಸಹಿ ಹಾಕಿ ಕಳಿಸಿದರು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನಬಾಹಿರವೆಂದಿತು. ಕಲಾಂ ತಮ್ಮ ರಾಜೀನಾಮೆ ಪತ್ರವನ್ನು ಬರೆದಿಟ್ಟಿದ್ದರಂತೆ. ಅದನ್ನು ಉಪರಾಷ್ಟ್ರಪತಿಗೆ ಕೊಡಬೇಕು, ಅವರು ಊರಿನಲ್ಲಿರಲಿಲ್ಲ. ಈ ನಡುವೆ ಪ್ರಧಾನಿ ಮನಮೋಹನ್ ಸಿಂಗರು ಬಂದು, ಹೀಗೆ ಮಾಡಿದರೆ ಸರ್ಕಾರವೇ ಉರುಳಬಹುದೆಂದು ಒತ್ತಾಯಿಸಿದರೆಂದು ಕಲಾಂ ಅವರೇ ಮುಂದೆ ಬರೆದಿದ್ದಾರೆ. ಪತ್ರವನ್ನು ಅವರು ಕೊಡಲಿಲ್ಲ.